ಗುಮ್ಮಿ ಓದಿ ಒಪ್ಪಿದ ಸಾಲುಗಳು

ಗುಮ್ಮಿ ತೀರಿಕೊಂಡ ಮೂರನೇ ವಾರ ಒಂದು ಪತ್ರಿಕೆಯಿಂದ ಫೋನ್ ಬಂತು. ಆ ಕಡೆಯಿಂದ ಮಾತಾಡಿದ ಹುಡುಗಿ ಬಹಳ ವಿನಯದಿಂದ, "ಅವರು ಚಿಕ್ಕಂದಿನಿಂದಲೇ ಪುಸ್ತಕದ ಹುಳ ಆಗಿದ್ರಂತೆ, ಅದರ ಬಗ್ಗೆ ನಾಲ್ಕು ಮಾತು ಹೇಳ್ತೀರಾ?" ಎಂದು ಕೇಳಿದಳು. ನನಗೆ ನಗು ಬಂತು. ಮೂರು ವಾರದಲ್ಲಿ ಮೊದಲ ನಗು ಅದು.

"ಇಲ್ಲಮ್ಮ. ಅವಳು ಬರೆದದ್ದು ಹನ್ನೊಂದು ಪುಸ್ತಕ. ಮೊದಲಿಂದ ಕೊನೆವರೆಗೆ ಓದಿದ್ದೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲೂ ಹೆಚ್ಚಿನವು ಅವಳವೇ" ಎಂದೆ.

ಹುಡುಗಿ ಅದೇ ವಿನಯದಿಂದ, "ಅದನ್ನ ಹಾಕೋಕಾಗಲ್ಲ ಮೇಡಂ" ಎಂದಳು. ಮರುದಿನ ಪತ್ರಿಕೆಯಲ್ಲಿ ಪುಸ್ತಕದ ಹುಳ ಎಂದೇ ಬಂತು.

ನಾನು ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು. ತಪ್ಪು ಅಚ್ಚಾದರೆ ನಿದ್ದೆ ಬರುವುದಿಲ್ಲ. ಅವಳ ವಿಷಯದಲ್ಲಿ ತಪ್ಪು ಅಚ್ಚಾದರೆ ಊಟವೂ ಸೇರುವುದಿಲ್ಲ. ಆದ್ದರಿಂದ ನನಗೆ ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳುತ್ತೇನೆ.

ಶಾಲೆಯಲ್ಲಿ ಅವಳನ್ನು ಕೂರಿಸುತ್ತಿದ್ದದ್ದು ಕೊನೆಯ ಬೆಂಚಿನಲ್ಲಿ. ಅಕ್ಷರ ಬರುತ್ತಿರಲಿಲ್ಲ ಎಂದಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದೊಂದೇ ಬರೆದರೆ ಸಲೀಸಾಗಿ ಹೇಳುತ್ತಿದ್ದಳು. ಪುಸ್ತಕ ತೆರೆದರೆ ಎಲ್ಲ ಗೋಜಲು. ಒತ್ತಕ್ಷರಗಳು ತಮ್ಮ ಅಕ್ಷರದ ಕೈಬಿಟ್ಟು ಕೆಳಗಿನ ಸಾಲಿಗೆ ಸೇರಿಕೊಳ್ಳುತ್ತಿದ್ದವಂತೆ. "ಮೇಲಿನ ಮನೆಯವರು ಹಿಂಡದೆ ಬಟ್ಟೆ ಒಣಗಿಹಾಕಿದ್ರೆ ಕೆಳಗಿನ ಮನೆ ಬಟ್ಟೆ ಮೇಲೆ ನೀರು ತೊಟ್ಟಿಕ್ಕಲ್ವಾ, ಹಾಗೆ" ಎಂದು ನನಗೊಮ್ಮೆ ವಿವರಿಸಿದ್ದಳು. ನಾಲ್ಕು ಸಾಲು ಇಳಿಯುವಷ್ಟರಲ್ಲಿ ಎಲ್ಲವೂ ಒದ್ದೆ.

ಅವಳನ್ನು ಏಳನೇ ತರಗತಿಯವರೆಗೆ ದಾಟಿಸಿದ್ದು ಅವಳ ಅಕ್ಕ. ಅಕ್ಕ ಮನೆಯಲ್ಲಿ ಪಾಠ ಓದಿ ಹೇಳುತ್ತಿದ್ದಳು, ಇವಳು ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಇಡೀ ಪಾಠವನ್ನು ಗಡಗಡ ಓದಿದಳು. ಪುಟ ತಿರುವಬೇಕಾದ ಕಡೆ ಪುಟವನ್ನೂ ತಿರುವಿದಳು. ಟೀಚರ್ ಮೆಚ್ಚಿ ಹತ್ತಿರ ಬಂದು ನೋಡಿದರೆ ಕೈಯಲ್ಲಿದ್ದದ್ದು ಗಣಿತದ ಪುಸ್ತಕ. ತರಗತಿ ಒಂದು ವಾರ ನಕ್ಕಿತು. ಅವಳ ಅಮ್ಮನಿಗೆ ಮಾತ್ರ ನಗು ಬರಲಿಲ್ಲ. "ಇಷ್ಟೆಲ್ಲ ನೆನಪಿಟ್ಕೊಳ್ಳೋಳಿಗೆ ಓದೋಕೇನೇ ರೋಗ?" ಎಂದು ಬೈದರು. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆಯೇ. ಉತ್ತರ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ, ಅಷ್ಟೆ. ಇಂಥ ತೊಂದರೆಗೊಂದು ಹೆಸರಿದೆ ಎಂದು ನಮಗೆ ತಿಳಿದದ್ದು ಅವಳ ನಾಲ್ಕನೇ ಪುಸ್ತಕ ಬಂದ ಮೇಲೆ, ಒಬ್ಬ ಡಾಕ್ಟರ್ ಹೇಳಿದಾಗ. "ಈಗ ಹೆಸರು ತಗೊಂಡು ಏನ್ಮಾಡ್ಲಿ ಡಾಕ್ಟ್ರೇ, ಅದರ ಜೊತೆ ಸಂಸಾರ ಮಾಡಿ ಆಯ್ತು" ಎಂದು ಎದ್ದು ಬಂದಳು.

ಎಂಟನೇ ತರಗತಿಗೆ ಶಾಲೆ ಬಿಟ್ಟು, ಹದಿನೇಳಕ್ಕೆ ನಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗಕ್ಕೆ ಸೇರಿದಳು. ಸೇರುವಾಗ ಹತ್ತನೇ ತರಗತಿ ಪಾಸಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದಳು. ಯಾರೂ ಕಾಗದ ಕೇಳಲಿಲ್ಲ. ಬೈಂಡಿಂಗಿನಲ್ಲಿ ಎಂಟು ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿ ನಿಂತು, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟ ಆಗುವ ಹಾಗೆ ಮಡಚುತ್ತಿದ್ದರು. ಹಾಗೆ ಮಡಚಿದ್ದಕ್ಕೆ ಫಾರಂ ಎನ್ನುತ್ತೇವೆ. ಪ್ರತಿ ಫಾರಮ್ಮಿನ ಬೆನ್ನಿಗೆ ಒಂದು ಚಿಕ್ಕ ಕಪ್ಪು ಪಟ್ಟಿ ಅಚ್ಚಾಗಿರುತ್ತದೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಎಲ್ಲ ಫಾರಂ ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಒಂದು ಆಚೀಚೆ ಆದರೆ ಮೆಟ್ಟಿಲು ತಪ್ಪುತ್ತದೆ. ಗುಮ್ಮಿ ಕೋಣೆಯ ಆ ತುದಿಯಿಂದಲೇ, "ಅಲ್ಲಿ ಒಂದು ಮೆಟ್ಟಿಲು ಮುರಿದಿದೆ ನೋಡಿ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಆರನೇ ಫಾರಂ ಏಳನೆಯದರ ಕೆಳಗೆ. ಆರು ವರ್ಷದಲ್ಲಿ ಸಾವಿರಾರು ಪುಸ್ತಕ ಅವಳ ಕೈಯಿಂದ ಸರಿಯಾಗಿ ಹೊರಗೆ ಹೋದವು. ಒಂದನ್ನೂ ಓದಬೇಕಾಗಿ ಬರಲಿಲ್ಲ.

ಗುಮ್ಮಿ ಎಂಬ ಹೆಸರು ಬಿದ್ದದ್ದೂ ಆ ಮೇಜಿನ ಬಳಿಯೇ. ಕೈ ಕೆಲಸ ಮಾಡುವಾಗ ಬಾಯಿ ಖಾಲಿ ಇರುತ್ತದಲ್ಲ, ಅವಳು ಹೆದರಿಸುವ ಕಥೆ ಹೇಳುತ್ತಿದ್ದಳು. ಹಾಡಹಗಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಮೆಷಿನ್ ಗದ್ದಲದ ನಡುವೆ. "ದೆವ್ವ ಬರತ್ತೇನೇ?" ಎಂದು ಯಾರಾದರೂ ಕೇಳಿದರೆ, "ದೆವ್ವಕ್ಕೆಲ್ಲ ಯಾಕೆ ತೊಂದರೆ ಕೊಡೋಣ? ಮನೇಲಿ ಐದು ಜನ. ಊಟ ಆದ್ಮೇಲೆ ತೊಳೆದಿಟ್ಟ ತಟ್ಟೆ ಆರು. ಸಾಕಲ್ವಾ?" ಎನ್ನುತ್ತಿದ್ದಳು. ಆ ಕಥೆ ಕೇಳಿದ ಹಿರಿಯ ಹೆಂಗಸೊಬ್ಬಳು ಒಂದು ತಿಂಗಳು ರಾತ್ರಿ ಪಾತ್ರೆ ತೊಳೆಯುವುದನ್ನು ಗಂಡನಿಗೆ ವಹಿಸಿದ್ದಳಂತೆ. "ನನ್ನಿಂದ ಒಂದು ಮನೆಯಾದ್ರೂ ಉದ್ಧಾರ ಆಯ್ತು" ಎಂದು ಗುಮ್ಮಿಗೆ ಹೆಮ್ಮೆ.

ನನಗೆ ಆಗ ಅವಳ ಪರಿಚಯ ಅಷ್ಟಕ್ಕಷ್ಟೆ. ನನ್ನ ಕೋಣೆ ಮಹಡಿಯ ಮೇಲೆ. ಕರಡು ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬರು ಲೇಖಕರ ಕೈಬರಹದ ಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು, ವ್ಯತ್ಯಾಸ ಬಂದ ಕಡೆ ಗುರುತು ಹಾಕಬೇಕು. ನನಗೆ ಓದಿ ಹೇಳುತ್ತಿದ್ದವಳು ಹೆರಿಗೆಗೆ ರಜೆ ಹಾಕಿದಳು. ಪ್ರೆಸ್ಸಿನ ಯಜಮಾನರು ಕೆಳಗಿಂದ ಗುಮ್ಮಿಯನ್ನು ಕಳಿಸಿದರು. "ಒಳ್ಳೇ ಗಂಟಲು ಇದೆ, ಮೆಷಿನ್ ಸದ್ದಿನಲ್ಲೂ ಕೇಳತ್ತೆ" ಎನ್ನುವುದೇ ಅವರ ಮಾನದಂಡ.

ಅವಳು ಬಾಗಿಲಲ್ಲಿ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆರಳುಗಳಲ್ಲಿ ಅಂಟು ಒಣಗಿತ್ತು. ಓದಲು ಬರುವುದಿಲ್ಲ ಎಂದು ಆಗಲೇ ಹೇಳಿದ್ದರೆ, ಹತ್ತನೇ ತರಗತಿಯ ಸುಳ್ಳು ಹೊರಗೆ ಬಂದು ಕೆಲಸ ಹೋಗುತ್ತಿತ್ತು. ಹೇಳಲಿಲ್ಲ. ಕೂತು ಹಾಳೆ ಕೈಗೆತ್ತಿಕೊಂಡಳು.

ಐದು ದಿನ ನನಗೆ ಗೊತ್ತೇ ಆಗಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ನಾನು ಅವಸರದವಳು. ಎದುರಿನವರ ಮಾತನ್ನು ನಾನೇ ಮುಗಿಸಿಬಿಡುವ ಕೆಟ್ಟ ಅಭ್ಯಾಸ. ಅವಳು ಒಂದು ಪದದ ಮೊದಲ ಅಕ್ಷರ ಹೇಳುವಷ್ಟರಲ್ಲಿ, ನನ್ನ ಮುಂದಿದ್ದ ಕರಡಿನಿಂದ ಉಳಿದದ್ದನ್ನೆಲ್ಲ ನಾನೇ ಗಟ್ಟಿಯಾಗಿ ಓದಿ, "ಹೂಂ, ಮುಂದೆ" ಎನ್ನುತ್ತಿದ್ದೆ. ಅವಳು "ಹೌದು ಮೇಡಂ" ಎನ್ನುತ್ತಿದ್ದಳು. ಒಟ್ಟಿನಲ್ಲಿ ಐದು ದಿನ ಕರಡನ್ನು ಕರಡಿನ ಜೊತೆಗೇ ಹೋಲಿಸಿ ನೋಡಿದೆ. ಇಂಥ ತಪ್ಪು ಮಾಡಲು ನನ್ನಂಥ ಅನುಭವಸ್ಥಳೇ ಬೇಕು.

ನಾವು ತಿದ್ದುತ್ತಿದ್ದದ್ದು ಡ್ರಾಯಿಂಗ್ ಮೇಷ್ಟ್ರ ಕಾದಂಬರಿ. ಮೇಷ್ಟ್ರು ನಿವೃತ್ತರು. ತಿಂಗಳಿಗೊಂದು ಭಯದ ಕಾದಂಬರಿ ಬರೆಯುತ್ತಿದ್ದರು, ಬಸ್ ನಿಲ್ದಾಣದ ಅಂಗಡಿಗಳಲ್ಲಿ ಚೆನ್ನಾಗಿ ಹೋಗುತ್ತಿತ್ತು. ಆರನೇ ದಿನ ಒಂದು ಕಡೆ ಕಥೆ ಎಗರಿದ ಹಾಗೆ ಕಂಡಿತು. ನಾಯಕ ಅಲಮಾರಿಯ ಬಾಗಿಲಿಗೆ ಕೈ ಹಾಕುತ್ತಾನೆ, ಮುಂದಿನ ಸಾಲಿನಲ್ಲಿ ಬೀದಿಯಲ್ಲಿ ಓಡುತ್ತಿದ್ದಾನೆ. ಅಚ್ಚುಮೊಳೆ ಜೋಡಿಸುವವರು ನಡುವಿನದನ್ನು ಬಿಟ್ಟುಬಿಟ್ಟಿದ್ದರು.

"ಇಲ್ಲೊಂದಿಷ್ಟು ಹಾರಿಸಿದಾರೆ. ಕೈಬರಹದಲ್ಲಿ ಏನಿದೆ, ನಿಧಾನವಾಗಿ ಓದು, ಬರ್ಕೋತೀನಿ" ಎಂದೆ.

ಈಗ ಮುಗಿಸಿಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅವಳು ಹಾಳೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದೂ ತೊಡರಿಲ್ಲದೆ ಓದಿದಳು:

"ಅಲಮಾರಿಯಲ್ಲಿ ಅವನ ಅಂಗಿಗಳೇ ಇದ್ದವು. ಎಲ್ಲದಕ್ಕೂ ಗುಂಡಿ ಹಾಕಿತ್ತು. ಅವನು ಯಾವತ್ತೂ ಗುಂಡಿ ಹಾಕಿ ಅಂಗಿ ನೇತುಹಾಕಿದವನಲ್ಲ. ಒಂದೊಂದಾಗಿ ಬಿಚ್ಚುತ್ತ ಬಂದ. ಕೊನೆಯ ಅಂಗಿಯ ಗುಂಡಿ ಬೆಚ್ಚಗಿತ್ತು."

ಹೀಗೆ ಹನ್ನೆರಡು ಸಾಲು. ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು. ಬಿಟ್ಟುಹೋದ ಭಾಗವನ್ನು ತಿದ್ದುವವರು ಕೈಬರಹದಲ್ಲಿ ತಮ್ಮ ಕಣ್ಣಾರೆ ನೋಡಲೇಬೇಕು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ನಾನು ನೋಡಲಿಲ್ಲ. ಆ ಗುಂಡಿಯ ಬಗ್ಗೆಯೇ ಯೋಚಿಸುತ್ತ ಚೀಟಿಯನ್ನು ಕೆಳಗೆ ಕಳಿಸಿದೆ. ಪುಸ್ತಕ ಅಚ್ಚಾಯಿತು.

ಮುಂದಿನ ತಿಂಗಳು ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದರು. ಯಜಮಾನರ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು.

"ಪುಟ ಅರವತ್ತೇಳು. ಇದು ನಾನು ಬರೆದದ್ದಲ್ಲ" ಎಂದರು ಮೇಷ್ಟ್ರು.

ಯಜಮಾನರು ಕೈಬರಹ ತರಿಸಿದರು. ಅಲ್ಲಿ ಇದ್ದದ್ದು, 'ಅಲಮಾರಿಯ ಬಾಗಿಲು ಕಿರ್ರೆಂದಿತು. ಒಳಗಿಂದ ಒಂದು ತಲೆಬುರುಡೆ ಉರುಳಿ ಬಿತ್ತು. ಅಯ್ಯೋ!'

ನಾನು ಗುಮ್ಮಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಎಲ್ಲಿಂದ ಬಂತಮ್ಮ ಇದು?" ಎಂದರು ಮೇಷ್ಟ್ರು.

"ತಲೆಯಿಂದ ಸಾರ್."

"ಕಾಗದದಲ್ಲಿ ಇದ್ದದ್ದನ್ನ ಯಾಕೆ ಓದಲಿಲ್ಲ?"

"ಓದೋಕೆ ಬರಲ್ಲ ಸಾರ್."

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಪ್ರೆಸ್ಸಲ್ಲಿ ಕೆಲಸ! ಓದೋಕೆ ಬರಲ್ಲ! ಆರು ವರ್ಷದಿಂದ ಇಲ್ಲಿ ಏನ್ಮಾಡ್ತಿದ್ದೆ ಹಾಗಾದ್ರೆ?"

"ಬೈಂಡಿಂಗಲ್ಲಿ ಯಾರೂ ಓದಲ್ಲ ಯಜಮಾನ್ರೇ, ಮಡಚ್ತೀವಿ" ಎಂದಳು ಗುಮ್ಮಿ. ಉದ್ಧಟತನಕ್ಕೆ ಹೇಳಿದ್ದಲ್ಲ. ಇದ್ದ ವಿಷಯ ಹೇಳಿದಳು.

ಮೇಷ್ಟ್ರು ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಓದುಗರ ಪತ್ರಗಳು. "ಹದಿನೆಂಟು ವರ್ಷದಿಂದ ಬರೀತಿದೀನಿ. 'ಚೆನ್ನಾಗಿದೆ, ಮುಂದುವರಿಸಿ' ಅಂತ ಪತ್ರ ಬರತ್ತೆ. ಈ ಸಲ ಒಂಬತ್ತು ಜನ ಅಲಮಾರಿ ತೆಗೆಯೋಕೆ ಭಯ ಆಗತ್ತೆ ಅಂತ ಬರೆದಿದಾರೆ. ಒಬ್ಬ ಅಂಗಿಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ಹಾಕಿದಾನಂತೆ." ಆಮೇಲೆ ಯಜಮಾನರ ಕಡೆ ತಿರುಗಿ, "ಇವಳನ್ನ ಕೆಲಸದಿಂದ ತೆಗೆದ್ರೆ ನನ್ನ ಪುಸ್ತಕ ಬೇರೆ ಪ್ರೆಸ್ಸಿಗೆ ಹೋಗತ್ತೆ" ಎಂದರು. ಅವರ ಹೊಟ್ಟೆ ಉರಿಯದೆ ಇರಲಿಲ್ಲ. ಆದರೂ ಒಳ್ಳೆಯದನ್ನು ಒಳ್ಳೆಯದು ಎನ್ನದೆ ಇರಲಾಗದ ಮನುಷ್ಯ.

ಗುಮ್ಮಿ ಬೈಂಡಿಂಗಿಗೆ ವಾಪಸ್ ಹೋದಳು. ನನಗೆ ಯಜಮಾನರಿಂದ ಒಂದು ಖಾರವಾದ ಪತ್ರ ಬಂತು. ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ನನಗೆ ಮೋಸ ಮಾಡಿದಳು ಎನ್ನುವುದಕ್ಕಿಂತ, ಅಷ್ಟು ಪುಸ್ತಕ ಓದಿದ ನನಗೆ ಮೇಷ್ಟ್ರ ವಾಕ್ಯಕ್ಕೂ ಅವಳ ವಾಕ್ಯಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲವಲ್ಲ ಎಂಬ ಸಿಟ್ಟು. ಕೊನೆಗೆ ನಾನೇ ಕೆಳಗಿಳಿದು ಹೋದೆ. "ಕಥೆ ನೀನು ಹೇಳು. ನಾನು ಬರೀತೀನಿ. ಪುಸ್ತಕ ಮಾಡೋಣ" ಎಂದೆ.

ತಟ್ಟೆಯ ಕಥೆ ಹೇಳಿದಳು. ನಾನು ಬರೆದು, ಅಂದಗೊಳಿಸಿ, ಓದಿ ಹೇಳಿದೆ. ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದಳು. ಅಷ್ಟರಲ್ಲಿ ನಾನು ಮೇಡಂ ಹೋಗಿ ಅಕ್ಕ ಆಗಿದ್ದೆ.

"ಅಕ್ಕ, 'ಭಯಾನಕ ಮೌನ' ಅಂತ ಹಾಕಿದೀಯಲ್ಲ, ಅದು ನಾನು ಹೇಳಿಲ್ಲ."

"ಸ್ವಲ್ಪ ತೂಕ ಬರ್ಲಿ ಅಂತ."

"'ಅವಳ ಎದೆ ಡವಡವ ಹೊಡೆದುಕೊಂಡಿತು' ಅಂತಾನೂ ಹೇಳಿಲ್ಲ. ಎದೆ ಹೊಡ್ಕೋಬೇಕಾದ್ದು ಓದೋರದ್ದು. ಅವಳ್ದಲ್ಲ."

ಅಂಥವು ಹದಿನಾರು ಹಿಡಿದಳು. ಒಂದನ್ನೂ ಬಿಡಲಿಲ್ಲ. ಆಮೇಲೆ ಹೇಳಿದಳು: "ಮೇಷ್ಟ್ರ ಪುಸ್ತಕಕ್ಕೆ ನಾನು ಮಾಡಿದ್ದನ್ನೇ ನೀನು ನಂಗೆ ಮಾಡ್ತಿದೀಯ. ಅವರಿಗಾದ್ರೂ ಕಣ್ಣಿತ್ತು, ನೋಡಿ ಹಿಡಿದ್ರು. ನಂಗೆ ಹಿಡಿಯೋಕೂ ಬರಲ್ಲ. ನನ್ನ ಪುಸ್ತಕ ಬಂದ್ರೆ, ಅದರಲ್ಲಿ ನಾನೇ ಓದದ ಒಂದು ಸಾಲೂ ಇರಬಾರದು. ಇಲ್ಲದಿದ್ರೆ ಪುಸ್ತಕವೇ ಬೇಡ."

ಅವಳಿಗೆ ಆಗ ಇಪ್ಪತ್ತಮೂರು. ಮುಂದಿನ ಇಡೀ ಜೀವನ ಈ ಮಾತಿನ ಮೇಲೆಯೇ ನಿಂತಿತು.

ಊಟದ ಬಿಡುವಿನಲ್ಲಿ ಕಾಗದ ದಾಸ್ತಾನಿನ ಕೋಣೆಯಲ್ಲಿ ಕೂರುತ್ತಿದ್ದೆವು. ಅವಳು ಕಥೆ ಹೇಳುತ್ತಿದ್ದಳು, ನಾನು ಒಂದಕ್ಷರವನ್ನೂ ಸೇರಿಸದೆ ಬರೆದುಕೊಳ್ಳುತ್ತಿದ್ದೆ. ಪುಸ್ತಕದ ಹೊದಿಕೆಗೆ ಹಾಕುವ ದಪ್ಪ ರಟ್ಟನ್ನು ಅವಳೇ ಕತ್ತರಿಸಿ, ನಡುವೆ ಒಂದು ಸಾಲು ಮಾತ್ರ ಕಾಣುವಷ್ಟು ಸೀಳು ಮಾಡಿಕೊಂಡಳು. ಮೇಲಿನ ಸಾಲೂ ಇಲ್ಲ, ಕೆಳಗಿನ ಸಾಲೂ ಇಲ್ಲ. ತೊಟ್ಟಿಕ್ಕಲು ಜಾಗವೇ ಇಲ್ಲ. ಅಚ್ಚುಮೊಳೆಯವರು ಅವಳಿಗಾಗಿ ದೊಡ್ಡ ಅಕ್ಷರದಲ್ಲಿ, ಸಾಲಿಗೂ ಸಾಲಿಗೂ ಎರಡು ಬೆರಳು ಅಂತರ ಬಿಟ್ಟು ಹಾಳೆ ತೆಗೆದುಕೊಟ್ಟರು. ಮೊದಲ ಪುಟ ಓದಲು ನಾಲ್ಕು ದಿನ. ಅಳಲಿಲ್ಲ. ಬೈದಳು, ಅಕ್ಷರಗಳನ್ನೂ ನನ್ನನ್ನೂ. ಮದುವೆಯಾಗಿ, ಮಗಳು ಹುಟ್ಟಿ, ಆ ಮಗು ನೆಲದ ಮೇಲೆ ಹಾಳೆ ಹರಿಯುತ್ತ ಆಡುವ ಕಾಲಕ್ಕೆ ದಿನಕ್ಕೆ ಮೂರು ಪುಟಕ್ಕೆ ಬಂದಿದ್ದಳು.

ಒಂದು ಮಧ್ಯಾಹ್ನ ರಟ್ಟನ್ನು ಕೆಳಗೆ ಸರಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಅಕ್ಕ, ನಿಂಗೆ ಹೀಗಾಗಲ್ವಾ? ಮುಂದಿನ ಸಾಲಲ್ಲಿ ಏನಿದೆಯೋ ಅಂತ?"

"ನನ್ನ ಕಣ್ಣು ಆಗಲೇ ಅಲ್ಲಿಗೆ ಹೋಗಿರತ್ತೆ" ಎಂದೆ.

"ಪಾಪ" ಎಂದಳು. ನಿಜವಾಗಿಯೂ ಕನಿಕರದಿಂದ. "ನಂಗೆ ಪ್ರತಿ ಸಾಲೂ ಮುಚ್ಚಿದ ಬಾಗಿಲು. ತೆಗೀಬೇಕೋ ಬೇಡವೋ ಅನ್ಸತ್ತೆ."

ಅವಳು ಲೇಖಕಿಯಾದದ್ದು ಆ ಮಧ್ಯಾಹ್ನ ಎಂದು ನನ್ನ ಎಣಿಕೆ. ಆಮೇಲೆ ಬರೆದದ್ದೆಲ್ಲ ಆ ಬಾಗಿಲಿನ ಲೆಕ್ಕಾಚಾರದಲ್ಲೇ. ಸಣ್ಣ ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ. ಮುಂದೆ ಒಬ್ಬ ವಿಮರ್ಶಕರು ಅವಳ ಶೈಲಿಯ ಸಂಯಮವನ್ನು ಎರಡು ಪುಟ ಹೊಗಳಿದರು. ಓದಿ ಹೇಳಿದೆ. "ಸಂಯಮ ಎಂಥದ್ದು ಮಣ್ಣು. ಉದ್ದ ವಾಕ್ಯ ಬರೆದ್ರೆ ನಂಗೇ ದಾರಿ ತಪ್ಪತ್ತೆ" ಎಂದಳು.

ಮೊದಲ ಪುಸ್ತಕ ತಯಾರಾದಾಗ ಅವಳಿಗೆ ಮೂವತ್ತು. ಮೇಷ್ಟ್ರೇ ತಮ್ಮ ಪ್ರಕಾಶಕರ ಬಳಿ ಕರೆದುಕೊಂಡು ಹೋದರು. ಪ್ರಕಾಶಕರು ಕಥೆ ಓದಿ ಒಪ್ಪಿದರು. ಆ ತಿಂಗಳೇ ಅಚ್ಚು ಹಾಕಲು ಮೆಷಿನ್ ಗೊತ್ತುಮಾಡಿದರು. ನೂರಿಪ್ಪತ್ತೆಂಟು ಪುಟದ ಕರಡು ಬಂತು, ನಾಲ್ಕು ದಿನದಲ್ಲಿ ತಿದ್ದಿ ಕೊಡಬೇಕು.

"ನಂಗೆ ಏಳು ವಾರ ಬೇಕು" ಎಂದಳು ಗುಮ್ಮಿ.

ಪ್ರಕಾಶಕರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ, "ಅಲ್ಲಮ್ಮ, ಇವರು ಇದಾರಲ್ಲ, ನಿಮ್ಮ ಗೆಳತಿ, ಇಂಥವರು ತಿದ್ದಿದ್ರೆ ನೀವು ಮತ್ತೆ ನೋಡೋದೇನಿದೆ?" ಎಂದರು.

"ನನ್ನ ಹೆಸರು ಹಾಕ್ತೀರಲ್ಲ ಸಾರ್, ನಾನು ನೋಡ್ಬೇಕು."

"ಈ ತಿಂಗಳು ಬಿಟ್ರೆ ಮತ್ತೆ ಯಾವಾಗಲೋ. ಬರದೇನೂ ಇರಬಹುದು."

ಹೊರಗೆ ಬಂದ ಮೇಲೆ ನಾನೂ ಬೇಡಿಕೊಂಡೆ. ಇದೊಂದು ಸಲ ಬಿಟ್ಟುಕೊಡು, ಎರಡನೇ ಪುಸ್ತಕದಿಂದ ನಿನ್ನ ಹಠ ಸಾಧಿಸು ಎಂದೆ. ಅವಳು ರಸ್ತೆ ದಾಟುತ್ತಲೇ, "ಮೊದಲನೇದ್ರಲ್ಲೇ ನಾನಿಲ್ಲ ಅಂದ್ರೆ ಎರಡನೇದು ಯಾರದ್ದು?" ಎಂದಳು. ಆ ತಿಂಗಳ ಮೆಷಿನ್ ಇನ್ನಾರದೋ ಪುಸ್ತಕಕ್ಕೆ ಹೋಯಿತು.

ಏಳಲ್ಲ, ಒಂಬತ್ತು ವಾರ ಹಿಡಿಯಿತು. ಹಠಕ್ಕೆ ನಾನೂ ಒಂದು ಪ್ರತಿ ತೆಗೆದುಕೊಂಡು ಎರಡು ಸಲ ತಿದ್ದಿದೆ. ಒಂದು ತಪ್ಪೂ ಉಳಿದಿಲ್ಲ ಎಂದು ಪ್ರಮಾಣ ಮಾಡಲೂ ಸಿದ್ಧಳಿದ್ದೆ. ಅವಳು ತೊಂಬತ್ತಮೂರನೇ ಪುಟ ಹಿಡಿದುಕೊಂಡು ಮಹಡಿ ಹತ್ತಿ ಬಂದಳು.

"ಅಕ್ಕ, ಇದೇನು ಓದು."

"ಮನೇಲಿ ಐದು ಜನ. ತೊಳೆದಿಟ್ಟ ತಟ್ಟೆ ಆರು."

"ಕಣ್ಣಿಟ್ಟು ಓದು."

ಕಣ್ಣಿಟ್ಟು ಓದಿದೆ. 'ತೊಳೆದಿಟ್ಟ ತಟ್ಟೆ ಐದು' ಎಂದಿತ್ತು. ಐದು ಜನಕ್ಕೆ ಆರು ತಟ್ಟೆ ಹೇಗೆ, ಲೇಖಕಿ ಕೈತಪ್ಪಿ ಬರೆದಿರಬೇಕು ಎಂದು ಅಚ್ಚುಮೊಳೆಯವರು ಒಳ್ಳೆಯ ಮನಸ್ಸಿನಿಂದಲೇ ಸರಿಮಾಡಿದ್ದರು. ಇಡೀ ಕಥೆ ಆ ಒಂದು ತಟ್ಟೆಯ ಮೇಲೆ ನಿಂತದ್ದು. ನಾನು ಎರಡು ಸಲವೂ ಆರು ಎಂದೇ ಓದಿದ್ದೆ. ನಾನು ಓದಿದ್ದು ನನ್ನ ನೆನಪನ್ನು. ಹಾಳೆಯನ್ನು ಓದಿದವಳು ಅವಳೊಬ್ಬಳೇ.

ನಾನು ಐದನ್ನು ಹೊಡೆದು ಆರು ಎಂದು ಬರೆದೆ. ಅವಳು ಇಳಿದು ಹೋಗುವಾಗ ಮೆಟ್ಟಿಲ ಮೇಲೆ ಶಿಳ್ಳೆ ಹಾಕಿದ್ದು ಕೇಳಿಸಿತು.

ಪುಸ್ತಕ ಏಳು ತಿಂಗಳು ತಡವಾಗಿ ಬಂತು. ಅವಳೇ ಮಡಚಿ, ಅವಳೇ ಜೋಡಿಸಿದ ಪುಸ್ತಕ. ಮೊದಲ ಪ್ರತಿಯನ್ನು ಅಮ್ಮನಿಗೆ ಕೊಟ್ಟಳು. ಅವರು ಒಂದು ಕಥೆ ಓದಿ ಮುಚ್ಚಿಟ್ಟು, "ಇದನ್ನೆಲ್ಲ ತಲೇಲಿಟ್ಕೊಂಡು ಮನೇಲಿ ನನ್ನ ಪಕ್ಕದಲ್ಲೇ ಮಲಗ್ತಿದ್ಯೇನೇ?" ಎಂದರಂತೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ಅವಳಿಗೆ ಸಿಗಲಿಲ್ಲ, ಸಣ್ಣವು ಎರಡು ಮೂರು ಸಿಕ್ಕವು. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಇನ್ನೂ ಹತ್ತು ಪುಸ್ತಕ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತು, ಮಡಚಲು ಯಂತ್ರ ಬಂತು. ಯಂತ್ರದ ಉಸ್ತುವಾರಿಗೆ ಅವಳನ್ನೇ ಹಾಕಿದರು. ಹೆಸರು ಬಂದ ಮೇಲೂ ಕೆಲಸ ಬಿಡಲಿಲ್ಲ. ಪ್ರಕಾಶಕರು ಮಾತ್ರ ಒಂದು ಪಾಠ ಕಲಿತರು. ಅವಳ ಪುಸ್ತಕಕ್ಕೆ ದಿನಾಂಕ ಹೇಳುತ್ತಿರಲಿಲ್ಲ, "ಗುಮ್ಮಿ ಓದಿ ಆದ್ಮೇಲೆ" ಎನ್ನುತ್ತಿದ್ದರು.

ಇದನ್ನು ಬರೆಯುವಾಗ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಮೊದಲ ರಟ್ಟು ಕಂದು ಬಣ್ಣದ್ದೋ ಬೂದು ಬಣ್ಣದ್ದೋ ಎಂದು ಕೇಳೋಣ ಎನಿಸಿತು. ಕೇಳಬೇಕಾದವರು ಇಲ್ಲ ಎನ್ನುವುದು ಬೆರಳಿಗೆ ಇನ್ನೂ ಗೊತ್ತಾಗಿಲ್ಲ.

ಕಾಯಿಲೆ ಹೃದಯದ್ದು. ಹನ್ನೆರಡನೇ ಪುಸ್ತಕದ ಕರಡನ್ನು ಅರ್ಧ ಓದುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದರು. ಎಂಟು ಕಥೆ, ನೂರನಲವತ್ತು ಪುಟ. ಆಸ್ಪತ್ರೆಯಲ್ಲಿ ದಿನಕ್ಕೆ ಒಂದು ಪುಟ, ಆಮೇಲೆ ಅರ್ಧ ಪುಟ. ಓದಿ ಒಪ್ಪಿದ ಪ್ರತಿ ಸಾಲಿನ ತುದಿಗೆ ಪೆನ್ಸಿಲಿನ ಒಂದು ಚುಕ್ಕೆ. ನಾನು ದಿನಾ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಒಂದು ದಿನ ತಡೆಯಲಾರದೆ, "ನಾನು ಓದಿ ಹೇಳ್ಲಾ? ಕೇಳಿ ಒಪ್ಪಿದ್ರೂ ಒಪ್ಪಿದ ಹಾಗೇ ಅಲ್ವಾ?" ಎಂದೆ.

"ನೀನು ಓದಿದ್ರೆ ಚೆನ್ನಾಗೇ ಕೇಳತ್ತೆ ಕಣೇ. ಅದೇ ತೊಂದರೆ" ಎಂದಳು. ಅಕ್ಕ ಎಂದೇ ಕರೆಯುತ್ತಿದ್ದವಳು ಆ ದಿನ ಮಾತ್ರ ಕಣೇ ಎಂದಳು. ಆಮೇಲೆ ನರ್ಸ್ ಬಂದು ಊಟದ ತಟ್ಟೆ ತೆಗೆದುಕೊಂಡು ಹೋಗುವಾಗ, "ಸಿಸ್ಟರ್, ಈ ಮಂಚದ ಮೇಲೆ ನನಗಿಂತ ಮುಂಚೆ ಇದ್ದವರು ಇನ್ನೂ ಎದ್ದಿಲ್ಲ, ಸ್ವಲ್ಪ ಸರಿಯೋಕೆ ಹೇಳಿ" ಎಂದು ಆ ಹುಡುಗಿಯನ್ನು ಬಾಗಿಲವರೆಗೆ ಓಡಿಸಿದಳು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹನ್ನೊಂದು ದಿನದ ನಂತರ ತೀರಿಕೊಂಡಳು. ಪೆನ್ಸಿಲಿನ ಕೊನೆಯ ಚುಕ್ಕೆ ಎಂಬತ್ತನಾಲ್ಕನೇ ಪುಟದ ಒಂಬತ್ತನೇ ಸಾಲಿನಲ್ಲಿತ್ತು. ಐದು ಕಥೆ ಪೂರ್ತಿ, ಆರನೆಯದು ಆರಂಭ.

ಪ್ರಕಾಶಕರು ಕೆಟ್ಟವರಲ್ಲ. "ಉಳಿದದ್ದೂ ಅವರೇ ಬರೆದದ್ದು ತಾನೇ? ನೀವೊಂದು ಸಲ ಕಣ್ಣಾಡಿಸಿ, ಹಾಕಿಬಿಡೋಣ. ಎಂಟು ಕಥೆ ಅಂತ ಎಲ್ಲ ಕಡೆ ಹೇಳಿ ಆಗಿದೆ" ಎಂದರು. ನಾನು ಅವಳ ಮಗಳ ಕಡೆ ನೋಡಿದೆ. ಪ್ರೆಸ್ಸಿನ ನೆಲದ ಮೇಲೆ ಹಾಳೆ ಹರಿದು ಬೆಳೆದ ಹುಡುಗಿ, ಈಗ ಶಾಲೆಯಲ್ಲಿ ಟೀಚರ್.

"ಅಮ್ಮ ಎಷ್ಟು ಓದಿದಾಳೆ ದೊಡ್ಡಮ್ಮ?" ಎಂದು ಕೇಳಿದಳು.

"ಐದು ಕಥೆ."

"ಹಾಗಾದ್ರೆ ಪುಸ್ತಕದಲ್ಲಿ ಐದು ಕಥೆ."

ಪ್ರಕಾಶಕರು ಒಪ್ಪಿದರು. ಒಂದೇ ಒಂದು ಕೇಳಿಕೊಂಡರು. ಪುಸ್ತಕ ಯಾಕೆ ಇಷ್ಟು ತೆಳ್ಳಗಿದೆ ಎಂದು ಓದುಗರಿಗೆ ತಿಳಿಯಬೇಕಲ್ಲ, ನಾನು ಇಲ್ಲಿ ಬರೆದದ್ದನ್ನೇ ಮುನ್ನುಡಿಯಾಗಿ ಹಾಕೋಣ ಎಂದರು. ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಪುಸ್ತಕದ ಒಳಗೆ ನನ್ನ ನಾಲ್ಕು ಪುಟ.

"ಬೇಡ. ಇದನ್ನ ಅವಳು ಓದಿಲ್ಲ" ಎಂದೆ.

ಆದ್ದರಿಂದ ಇದು ಇಲ್ಲಿ, ಬೇರೆಯಾಗಿ ಅಚ್ಚಾಗುತ್ತಿದೆ. ಪುಸ್ತಕ ಮುಂದಿನ ತಿಂಗಳು ಬರುತ್ತದೆ. ಅದರಲ್ಲಿ ಅವಳ ಐದು ಕಥೆಗಳಿವೆ, ಬೇರೆ ಏನೂ ಇಲ್ಲ.